ಐದು ಬಾಂಬಿನ ಜಾಡು

ಅಟಾರಿ ಎಸ್‌ಟಿಯಲ್ಲಿ ಪ್ರೋಗ್ರಾಂ ಕುಸಿದರೆ ಪರದೆಯ ಮೇಲೆ ಪುಟ್ಟ ಪುಟ್ಟ ಬಾಂಬುಗಳು ಸಾಲಾಗಿ ಮೂಡುತ್ತವೆ. ಅವನ್ನು ಎಣಿಸಬೇಕು. ಎರಡಿದ್ದರೆ ಇಲ್ಲದ ಮೆಮೊರಿಗೆ ಕೈಹಾಕಲಾಗಿದೆ, ಮೂರಿದ್ದರೆ ಬೆಸ ಸಂಖ್ಯೆಯ ವಿಳಾಸದಿಂದ ಎರಡು ಬೈಟು ಒಟ್ಟಿಗೆ ಓದಲು ಹೋಗಲಾಗಿದೆ, ಐದಿದ್ದರೆ ಯಾವುದನ್ನೋ ಸೊನ್ನೆಯಿಂದ ಭಾಗಿಸಲಾಗಿದೆ. ಅಷ್ಟೇ ಅಲ್ಲ, ಆ ಕ್ಷಣದಲ್ಲಿ ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಏನೇನಿತ್ತೋ ಅದೆಲ್ಲವನ್ನೂ ಮೆಮೊರಿಯ ಗೊತ್ತಾದ ಒಂದು ಮೂಲೆಯಲ್ಲಿ ಬರೆದಿಟ್ಟಿರುತ್ತದೆ. ಇಷ್ಟು ನೇರವಾಗಿ ತನ್ನ ನೋವು ಹೇಳಿಕೊಳ್ಳುವ ಯಂತ್ರ ನನಗೆ ಬಲು ಇಷ್ಟ.

1985ರಲ್ಲಿ ಬಂದ ಈ ಕಂಪ್ಯೂಟರಿನಲ್ಲಿರುವುದು 8 ಮೆಗಾಹರ್ಟ್ಸ್ ವೇಗದ ಮೊಟೊರೊಲಾ 68000. ವಿಂಡೋ, ಮೆನು, ಮೌಸ್ ಎಲ್ಲವನ್ನೂ ನೋಡಿಕೊಳ್ಳುವುದು ಡಿಜಿಟಲ್ ರಿಸರ್ಚ್ ಕಂಪನಿಯ ಜೆಮ್. ಇದಕ್ಕಾಗಿ ಸಿ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂಗಳನ್ನು ಇಂದಿನ ಜಿಸಿಸಿ ಕಂಪೈಲರಿನಲ್ಲಿ ಹಾಯಿಸಿ, ಹಟಾರಿ ಎಮ್ಯುಲೇಟರಿನಲ್ಲಿ ಓಡಿಸಿ ನೋಡುವುದು ನನ್ನ ರಾತ್ರಿಗಳ ಸುಖ.

ಈಚೆಗೆ ಕೈಗೆ ಬಂದದ್ದು ಒಂದು ಸಣ್ಣ ಚಿತ್ರ ಬಿಡಿಸುವ ಪ್ರೋಗ್ರಾಂ. ಕಂಪೈಲರ್ ಚಕಾರ ಎತ್ತಲಿಲ್ಲ. ಮೆನು ಬಂತು, ಮೌಸಿನ ಬಾಣ ಓಡಾಡಿತು. ವಿಂಡೋ ತೆರೆಯುವ ಹೊತ್ತಿಗೆ ಮಾತ್ರ ಐದು ಬಾಂಬು.

ಸೊನ್ನೆ ಎಲ್ಲಿಂದ ಬಂತು? ಚಿತ್ರವನ್ನು ವಿಂಡೋಗೆ ಹೊಂದಿಸಲು ವಿಂಡೋದ ಅಗಲದಿಂದ ಭಾಗಿಸುವ ಸಾಲೊಂದಿತ್ತು. ಅಗಲ ಸೊನ್ನೆಯಾಗಿತ್ತು. ವಿಂಡೋಗೆ ಆ ಅಗಲ ಕೊಟ್ಟದ್ದು ಡೆಸ್ಕ್‌ಟಾಪಿನ ಅಳತೆಯಿಂದ, ಡೆಸ್ಕ್‌ಟಾಪಿನ ಅಳತೆ ಕೊಟ್ಟದ್ದು ಜೆಮ್. ಕಪ್ಪು-ಬಿಳುಪು ಪರದೆಯಲ್ಲಿ ಅದು 640 ಇರಲೇಬೇಕು. ಡಿಬಗ್ಗರಿನಲ್ಲಿ ಪ್ರೋಗ್ರಾಮನ್ನು ಅಲ್ಲೇ ತಡೆದು ನಿಲ್ಲಿಸಿ ಆ ಅಳತೆಯನ್ನು ಇಟ್ಟುಕೊಂಡ ಚರಾಂಶದ ಜಾಗ ತೆರೆದೆ. ಕಂಡದ್ದು ನಾಲ್ಕು ಬೈಟು: 02 80 00 00.

ಹದಿನಾರರ ಲೆಕ್ಕದಲ್ಲಿ 0280 ಎಂದರೆ 640. ಸಂಖ್ಯೆ ಅಲ್ಲೇ ಇದೆ, ಆದರೆ ಕೂತ ಜಾಗ ಬೇರೆ! ಜೆಮ್ ಅಳತೆಗಳನ್ನು ಕೊಡುವುದು, ಕೊಳ್ಳುವುದು ಎಲ್ಲ 16 ಬಿಟ್ಟಿನ ಸಂಖ್ಯೆಗಳಲ್ಲಿ. ಪ್ರೋಗ್ರಾಂ ಬರೆದವರ ಕಂಪೈಲರಿನಲ್ಲಿ ಸಿ ಭಾಷೆಯ ಪೂರ್ಣಾಂಕವಾದ ಇಂಟ್ ಎಂದರೂ 16 ಬಿಟ್ಟೇ. ಜಿಸಿಸಿಗೆ ಅದು 32. ಜೆಮ್ ಮೊದಲ ಎರಡು ಬೈಟಿನಲ್ಲಿ ಬರೆದು ಸುಮ್ಮನಾಯಿತು. 68000 ದೊಡ್ಡ ಭಾಗವನ್ನು ಮೊದಲು ಇಡುವ ಜಾತಿಯದು, ಹಾಗಾಗಿ 640 ಹೋಗಿ 4,19,43,040 ಆಯಿತು. ಅದನ್ನೇ ವಿಂಡೋ ತೆರೆಯಲು ಮರಳಿ ಕೊಟ್ಟಾಗ ಜೆಮ್‌ಗೆ ತಲುಪಿದ್ದು ಕೆಳಗಿನ 16 ಬಿಟ್ಟು ಮಾತ್ರ, ಅಂದರೆ ಸೊನ್ನೆ. ಸೋರ್ಸ್ ಹಳೇ ಶೈಲಿಯದು, ಫಂಕ್ಷನ್ನುಗಳಿಗೆ ಯಾವ ಬಗೆಯ ಸಂಖ್ಯೆ ಹೋಗಬೇಕೆಂದು ಎಲ್ಲೂ ಘೋಷಿಸಿಲ್ಲ. ಕಂಪೈಲರ್ ಎಚ್ಚರಿಸುವುದಾದರೂ ಹೇಗೆ? ಇಂಟೆಲ್ ಚಿಪ್ಪಿನಲ್ಲಾಗಿದ್ದರೆ ಚಿಕ್ಕ ಭಾಗವೇ ಮೊದಲು ಬರುವುದರಿಂದ ಈ ದೋಷ ವರ್ಷಗಟ್ಟಲೆ ಅಡಗಿ ಕೂತಿರುತ್ತಿತ್ತು.

ಆ ನಾಲ್ಕು ಬೈಟು ಕಂಡಾಗ ಆಗುವ ಹಿಗ್ಗು ಹೇಳತೀರದು. ಬಾಂಬಿನಿಂದ ಭಾಗಾಕಾರಕ್ಕೆ, ಅಲ್ಲಿಂದ ವಿಂಡೋಗೆ, ಅಲ್ಲಿಂದ ಮೆಮೊರಿಗೆ ದಾರಿಯುದ್ದಕ್ಕೂ ಒಂದು ಹೆಜ್ಜೆಯೂ ಕತ್ತಲಲ್ಲಿಲ್ಲ. ಇಂದಿನ ಕಂಪ್ಯೂಟರಿನಲ್ಲಿ ಪರದೆಗೂ ನನ್ನ ಕೋಡಿಗೂ ನಡುವೆ ಎಷ್ಟು ಪದರಗಳಿವೆಯೋ, ಒಬ್ಬನೇ ಕೂತು ತಳಮುಟ್ಟುವುದು ಆಗದ ಮಾತು.

ಇಂಟ್ ಅನ್ನು ಎಲ್ಲೆಡೆ 16 ಬಿಟ್ ಮಾಡುವ ಆಯ್ಕೆ ಜಿಸಿಸಿಯಲ್ಲೇ ಇದೆ. ಆದರೆ ಲೈಬ್ರರಿಗಳೂ ಹಾಗೆಯೇ ಕಂಪೈಲ್ ಆಗಿರಬೇಕು, ಇಲ್ಲವಾದರೆ ಹೊಸ ಗೋಳು. ಜೆಮ್‌ಗೆ ವಿಳಾಸ ಹೋಗುವ ಚರಾಂಶಗಳನ್ನು ಒಂದೊಂದಾಗಿ ಹುಡುಕಿ 16 ಬಿಟ್ಟಿನ ಶಾರ್ಟ್ ಎಂದು ತಿದ್ದುವುದೇ ನನಗೆ ಸರಿ. ಹಾಗೆ ತಿದ್ದುವಾಗ ಇಡೀ ಪ್ರೋಗ್ರಾಮನ್ನು ಓದಿದಂತಾಗುತ್ತದೆ, ಬರೆದವರ ಕೈಗುಣವೂ ತಿಳಿಯುತ್ತದೆ. ಉದಾಹರಣೆಗೆ, ಪಕ್ಕದ ಸ್ಕ್ರೋಲ್ ಪಟ್ಟಿಯ ಜಾಗವನ್ನು ಜೆಮ್ 0ಯಿಂದ 1000ದವರೆಗೆ ಹೇಳುತ್ತದೆ. 400 ಸಾಲಿನ ಚಿತ್ರಕ್ಕೆ ಗುಣಿಸಿದರೆ 16 ಬಿಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಅದನ್ನು ಮೊದಲೇ ಕಂಡವರು ಅಲ್ಲೊಂದು ಕಡೆ ಮಾತ್ರ 32 ಬಿಟ್ಟಿನ ಲಾಂಗ್ ಎಂದು ಬರೆದಿದ್ದರು. ಆ ಸಾಲನ್ನು ನಾನು ಮುಟ್ಟಲಿಲ್ಲ.