ಪ್ರಶ್ನಾರ್ಥಕ ಚಿಹ್ನೆಗಳಾಗುವ ಕನ್ನಡ

ವಿಂಡೋಸ್ ತಂತ್ರಾಂಶವೊಂದರಲ್ಲಿ ಬೆರಳಚ್ಚಿಸಿದ ಕನ್ನಡದ ಹೆಸರು, ಉಳಿಸಿ ಮತ್ತೆ ತೆರೆದಾಗ, ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಿಸಿದರೆ ಅದಕ್ಕೆ ಫಾಂಟ್ ಕಾರಣವಲ್ಲ. ಪಠ್ಯವನ್ನು ನಿರ್ವಹಿಸುವ ವಿಂಡೋಸ್‌ನ ಬಹಳಷ್ಟು ಫಂಕ್ಷನ್‌ಗಳು ಎರಡು ರೂಪಗಳಲ್ಲಿದ್ದು, ಹೆಸರಿನ ಕೊನೆಗೆ 'ಡಬ್ಲ್ಯೂ' ಇರುವುದು ಯೂನಿಕೋಡನ್ನು, ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಸಂಕೇತ ವ್ಯವಸ್ಥೆಯನ್ನು ಬಳಸಿದರೆ, 'ಎ' ಇರುವುದು ಗಣಕಕ್ಕೆ ಆರಿಸಿಟ್ಟ ಕೋಡ್ ಪೇಜ್ ಎಂಬ ಹಳೆಯ ಕೋಷ್ಟಕವನ್ನು ನೆಚ್ಚಿಕೊಂಡಿರುತ್ತದೆ. ಆ ಸ್ಥಾನಕ್ಕೆ ಥಾಯ್, ಅರಬ್ಬಿ ಭಾಷೆಗಳ ಕೋಷ್ಟಕಗಳಿದ್ದರೂ ಕನ್ನಡದ್ದನ್ನು ವಿಂಡೋಸ್ ಒದಗಿಸಿಲ್ಲವಾದ್ದರಿಂದ, ಸಿಗದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ಹಾಗೆಯೇ ಉಳಿಸಿಬಿಟ್ಟ ಕಡತದಿಂದ ಮೂಲ ಹೆಸರನ್ನು ಮರಳಿ ಪಡೆಯಲು ಸಾಧ್ಯವೇ ಇಲ್ಲ, ಮತ್ತು ಇದೇ ಇಲ್ಲಿನ ನಿಜವಾದ ನಷ್ಟ. 2019ರ ವಿಂಡೋಸ್ 10 ಆವೃತ್ತಿಯಿಂದೀಚೆಗೆ ತಂತ್ರಾಂಶವು ಯೂನಿಕೋಡ್‌ನದೇ ಒಂದು ರೂಪವಾದ ಯುಟಿಎಫ್-8 ಅನ್ನೇ ತನ್ನ ಕೋಡ್ ಪೇಜ್ ಎಂದು ಘೋಷಿಸಿಕೊಳ್ಳಬಹುದು.

ಅಷ್ಟಾದರೂ ಉದ್ದದ ಲೆಕ್ಕದ ತೊಡಕು ಉಳಿಯುತ್ತದೆ. ಓದುವವರ ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ 'ಲಕ್ಷ್ಮೀ' ಎಂಬ ಹೆಸರು ವಿಂಡೋಸ್‌ನ ಎಣಿಕೆಯಲ್ಲಿ 7 ಘಟಕಗಳಾಗುತ್ತದೆ. ಹೆಸರಿನ ಚೌಕಕ್ಕೆ ಇಂಗ್ಲಿಷಿನ ಅಳತೆಯಲ್ಲೇ ಮಿತಿ ಹಾಕಿದರೆ ಒತ್ತಕ್ಷರ ನಡುವೆಯೇ ತುಂಡಾಗಿ, ಹೆಸರು ಅರ್ಧಾಕ್ಷರದಲ್ಲಿ ನಿಂತುಬಿಡುತ್ತದೆ.