ಚಳಿಗೆ ಕಾಯುವ ಊರು

ನಮ್ಮ ಹುಳಿಯಾರಿನಲ್ಲಿ ಚಳಿಗಾಲ ಬಂತೆಂದು ಮೊದಲು ಹೇಳುವುದು ಕೊಬ್ಬರಿ ಎಣ್ಣೆ. ಕಾರ್ತೀಕ ಮುಗಿಯುತ್ತಿದ್ದ ಹಾಗೆ ಬೆಳಗಿನ ಹೊತ್ತು ಬಾಟಲಿಯೊಳಗೇ ಹೆಪ್ಪುಗಟ್ಟುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಕೆನಡಾದ ಚರ್ಚಿಲ್‌ನಲ್ಲಿ ಅದೇ ಎಣ್ಣೆಯನ್ನು ಚಮಚದ ಹಿಡಿಯಿಂದ ಕೆರೆದು ತುಟಿಗೆ ಹಚ್ಚಿಕೊಂಡೆ. ಅಲ್ಲಿನ ಗಾಳಿಗೆ ತುಟಿ ಸೀಳುವುದಕ್ಕೆ ಅರ್ಧ ದಿನ ಸಾಕು.

ಚರ್ಚಿಲ್ ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಪುಟ್ಟ ಬಂದರು. ಜನ ಒಂಬೈನೂರು ತುಂಬುವುದಿಲ್ಲ. ಹೊರಗಿನಿಂದ ರಸ್ತೆ ಇಲ್ಲ. ವಿಮಾನ, ಇಲ್ಲವೆ ವಿನ್ನಿಪೆಗ್‌ನಿಂದ ಸುಮಾರು 1,700 ಕಿ.ಮೀ. ರೈಲು. ಪ್ರೇರಿಯ ಗೋಧಿಯನ್ನು ಹಡಗಿಗೆ ತುಂಬಲೆಂದು 1929ರಲ್ಲಿ ಹಳಿ ಇಲ್ಲಿಗೆ ಮುಟ್ಟಿತು. 2017ರ ಪ್ರವಾಹದಲ್ಲಿ ಅದೇ ಹಳಿ ಕೊಚ್ಚಿಹೋಗಿ, ಮತ್ತೆ ರೈಲು ಬರುವ ಹೊತ್ತಿಗೆ ಒಂದೂವರೆ ವರ್ಷವಾಗಿತ್ತು. ವಿನ್ನಿಪೆಗ್‌ನಲ್ಲಿರುವ ತಂಗಿಯ ಮಗನ ಜೊತೆ ನಾನು ಇಳಿದಾಗ ನವೆಂಬರ್ ಮೊದಲ ವಾರ. ಆ ತಿಂಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಆಸುಪಾಸು. ಎಂಟು ಗಂಟೆಗೆ ಹುಟ್ಟಿದ ಸೂರ್ಯ ನಾಲ್ಕಕ್ಕೆಲ್ಲ ಮುಳುಗುತ್ತಾನೆ.

ತೆಂಗಿನ ಸೀಮೆಯವನಾದ್ದರಿಂದ ನನ್ನ ಕಣ್ಣು ಮೊದಲು ಹೋದದ್ದು ಮರಗಳ ಕಡೆಗೆ. ಸ್ಪ್ರೂಸ್ ಮರಗಳಿಗೆ ಒಂದೇ ಮಗ್ಗುಲಲ್ಲಿ ಕೊಂಬೆ! ವಾಯವ್ಯದಿಂದ ಬೀಸುವ ಗಾಳಿ ಹಿಮದ ಹರಳುಗಳನ್ನು ಹೊತ್ತು ತಂದು ಆ ಬದಿಯ ಚಿಗುರನ್ನೆಲ್ಲ ತರಿದುಹಾಕುತ್ತದೆ. ದಿಕ್ಸೂಚಿ ಇಲ್ಲದಿದ್ದರೂ ಮರ ನೋಡಿ ದಿಕ್ಕು ಹೇಳಬಹುದು.

ದಡದಲ್ಲಿ ಸಮುದ್ರ ಹೆಪ್ಪುಗಟ್ಟುವುದನ್ನು ನೋಡುತ್ತ ನಿಂತೆ. ಮೊದಲು ನೀರಿನ ಮೇಲೆ ಮಂದವಾದ, ಎಣ್ಣೆಯಂಥ ಪೊರೆ, ಅಲೆ ಸೋಮಾರಿಯಾಗುತ್ತದೆ. ಆಮೇಲೆ ಆ ಪೊರೆ ಗುಂಡು ಗುಂಡಾಗಿ ಒಡೆಯುತ್ತದೆ. ಒಂದಕ್ಕೊಂದು ಉಜ್ಜಿ ಉಜ್ಜಿ ಬಿಲ್ಲೆಗಳ ಅಂಚು ಮೇಲೆದ್ದು, ತಟ್ಟೆಯ ಕಂಠದಂತಾಗುತ್ತದೆ. ಕಿವಿ ಮುಚ್ಚಿದ ಟೋಪಿಯನ್ನು ಸರಿಸಿದರೆ ಕರಕರ ಸದ್ದು. ಉಪ್ಪುನೀರು ಹೆಪ್ಪಾಗಲು ಸೊನ್ನೆಗಿಂತ 1.8 ಡಿಗ್ರಿ ಕೆಳಗಿಳಿಯಬೇಕು. ಚರ್ಚಿಲ್ ನದಿ ತಂದು ಸುರಿಯುವ ಸಿಹಿನೀರಿಗೆ ಸೊನ್ನೆಯೇ ಸಾಕು. ಹೀಗಾಗಿ ನದಿ ಕೂಡುವ ಈ ದಡದಲ್ಲಿ ಹಿಮಗಡ್ಡೆ ಬೇಗ ಕಟ್ಟುತ್ತದೆ.

ಹಿಮಕರಡಿಗಳು ಇಲ್ಲಿಗೆ ಬಂದು ಸೇರುವುದೂ ಅದಕ್ಕೇ. ಬೇಸಿಗೆಯಿಡೀ ನೆಲದ ಮೇಲೆ ಉಪವಾಸ ಬಿದ್ದಿದ್ದ ಅವುಗಳಿಗೆ ಸೀಲ್ ಬೇಟೆಯಾಡಲು ಹಿಮಗಡ್ಡೆಯೇ ಕಾಲ್ದಾರಿ. "ಮಾವ, ಮೂಲೆ ತಿರುಗೋ ಮುಂಚೆ ನಿಂತು ನೋಡ್ಕಂಡು ಬನ್ನಿ" ಎಂದು ಹುಡುಗ ಬೀದಿ ಬೀದಿಗೂ ಎಚ್ಚರಿಸುತ್ತಿದ್ದ. ಓಡಿಬಂದವರು ಹೊಕ್ಕುಕೊಳ್ಳಲೆಂದು ಅಲ್ಲಿನವರು ಕಾರಿಗೆ ಬೀಗ ಹಾಕುವುದಿಲ್ಲ. ಊರೊಳಗೆ ನುಗ್ಗಿದ ಕರಡಿಗೆ ಜೈಲೂ ಉಂಟು. ಅಲ್ಲಿ ನೀರು ಮಾತ್ರ, ಊಟವಿಲ್ಲ. ಊಟ ಸಿಕ್ಕಿತೆಂದರೆ ಕರಡಿ ಮತ್ತೆ ಬರುತ್ತದೆ. ಕೊನೆಗೆ ಹೆಲಿಕಾಪ್ಟರಿನಲ್ಲಿ ಉತ್ತರಕ್ಕೆ ಸಾಗಿಸುತ್ತಾರೆ. ನಮ್ಮ ಕಡೆ ತೋಟಕ್ಕೆ ಬಂದ ಚಿರತೆಯನ್ನು ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಡುವವರು ಈ ಊಟದ ಲೆಕ್ಕ ಕೇಳಬೇಕು ಅನಿಸಿತು.

ಚಳಿ ಬಂದರೆ ಕಷ್ಟವೆಂದುಕೊಂಡು ಹೋದ ನನಗೆ ಅಲ್ಲಿ ಕೇಳಿಸಿದ್ದು, ಚಳಿ ಇನ್ನೂ ಸರಿಯಾಗಿ ಬರಲಿಲ್ಲವಲ್ಲ ಎಂಬ ದೂರು. ಮುಂಗಾರು ತಡವಾದಾಗ ನಮ್ಮ ಸಂತೆಯಲ್ಲಿ ಕೇಳುವ ಧಾಟಿಯೇ. ದೂರಿನಲ್ಲಿ ಹುರುಳಿದೆ. 1980ರ ದಶಕಕ್ಕೆ ಹೋಲಿಸಿದರೆ ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ ಹಿಮಗಡ್ಡೆ ಇಲ್ಲದ ಕಾಲ ಮೂರು-ನಾಲ್ಕು ವಾರ ಹಿಗ್ಗಿದೆ. 2016ರಲ್ಲಿ ಅಂದಾಜು 842 ಇದ್ದ ಅಲ್ಲಿನ ಕರಡಿಗಳು 2021ರ ಎಣಿಕೆಗೆ 618ಕ್ಕೆ ಇಳಿದಿದ್ದವು.

ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಕರಡಿ ನೋಡಬೇಕೆಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ ಹೋಗಿ. ಉತ್ತರಧ್ರುವದ ಬೆಳಕಿನ ಆಸೆ ಆಗ ಇಟ್ಟುಕೊಳ್ಳಬೇಡಿ. ಕೊಲ್ಲಿ ಪೂರ್ತಿ ಹೆಪ್ಪುಗಟ್ಟುವ ತನಕ ಅದರ ನೀರಾವಿಯಿಂದ ಎದ್ದ ಮೋಡ ಆಕಾಶ ಬಿಟ್ಟು ಕದಲುವುದು ಅಪರೂಪ. ಬೆಳಕಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಆಗ ಕರಡಿಗಳು ಸಮುದ್ರದ ಮೇಲೆ ದೂರ ಹೋಗಿರುತ್ತವೆ.