ನಿನ್ನ ಹಾಲಿನ ಮೇಲೆ ಅನುಮಾನ ಬೇಡ

ಪ್ರೀತಿಯ ಪುಟ್ಟಿ,

ನಿನ್ನ ಉಬ್ಬಸ ಹಾಲಿನೊಂದಿಗೆ ಮಗುವಿಗೂ ಇಳಿದೀತೇ ಎಂದು ಕೇಳಿದ್ದೀಯ. ಎದೆಹಾಲು ಬಿಡಿಸಿ ಡಬ್ಬಿ ಹಾಲು ಹಾಕೋಣ ಎಂಬ ಮಾತೂ ಮನೆಯಲ್ಲಿ ಎದ್ದಿದೆಯಂತೆ. ಬಿಡಿಸಬೇಡ ಕಣೆ.

ನಿನ್ನಂತೆ ಅಲರ್ಜಿಯಿರುವ ತಾಯಂದಿರ ಹಾಲಿನಲ್ಲಿ ವ್ಯತ್ಯಾಸ ಕಂಡದ್ದು ನಿಜ. ಕೆಲವು ಅಧ್ಯಯನಗಳಲ್ಲಿ ಒಮೆಗಾ-3 ಕೊಬ್ಬಿನಾಮ್ಲ ಕಡಿಮೆಯಿತ್ತು. ಇನ್ನು ಕೆಲವುಗಳಲ್ಲಿ ಟಿಜಿಎಫ್-ಬೀಟಾ ಕಡಿಮೆಯಿತ್ತು. ಹೊಸ ಆಹಾರವನ್ನು ಶತ್ರುವೆಂದು ಎಣಿಸದಂತೆ ಮಗುವಿನ ಕರುಳನ್ನು ಪಳಗಿಸುವ ಪ್ರೋಟೀನುಗಳಲ್ಲಿ ಅದೂ ಒಂದು. ಆದರೆ ಒಂದು ಅಧ್ಯಯನದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಂಡಿಲ್ಲ. ಹೆರಿಗೆಯಾಗಿ ಎಷ್ಟು ದಿನವಾಯಿತು, ತಾಯಿ ಏನು ಉಣ್ಣುತ್ತಾಳೆ, ಅವಳ ವಂಶವಾಹಿಗಳು ಎಂಥವು, ಎಲ್ಲವೂ ಹಾಲನ್ನು ಬದಲಿಸುತ್ತವೆ. ಹಾಲು ಬೇರೆಯಾಗಿದೆ ಎಂದರೆ ಕೆಟ್ಟಿದೆ ಎಂದಲ್ಲ.

ಅಲರ್ಜಿಯ ಒಲವು ಮಕ್ಕಳಿಗೆ ಬರುವುದು ಬಹುಮಟ್ಟಿಗೆ ಅಪ್ಪ ಅಮ್ಮ ಇಬ್ಬರ ವಂಶವಾಹಿಗಳಿಂದ. ಹಾಲು ಬಿಡಿಸಿದರೆ ಅದು ತಪ್ಪುವುದಿಲ್ಲ. ತಪ್ಪಿಹೋಗುವುದು ನಿನ್ನ ಹಾಲಿನ ರಕ್ಷಣೆ: ಕರುಳಿನ ಗೋಡೆಗೆ ಕಾವಲು ನಿಲ್ಲುವ ಐಜಿಎ ಪ್ರತಿಕಾಯಗಳು, ಮಗುವಿಗೆ ಜೀರ್ಣವಾಗದೆ ಅದರ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಸಾಕುವ ನೂರಾರು ಬಗೆಯ ಸಕ್ಕರೆಗಳು. ವಿಶ್ವ ಆರೋಗ್ಯ ಸಂಸ್ಥೆ ಮೊದಲ 6 ತಿಂಗಳು ಎದೆಹಾಲನ್ನಷ್ಟೇ ಕೊಡಿ ಎನ್ನುವಾಗ ಉಬ್ಬಸವಿರುವ ತಾಯಂದಿರನ್ನು ಹೊರಗಿಟ್ಟಿಲ್ಲ.

ಬಾಣಂತಿ ಪಥ್ಯದ ಹೆಸರಿನಲ್ಲಿ ಮೊಟ್ಟೆ, ಕಡಲೆಕಾಯಿ, ಹಾಲು, ಮೊಸರು ಎಲ್ಲ ಬಿಟ್ಟು ಸೊರಗಬೇಡ. ನೀನು ತಿಂದದ್ದರ ಪ್ರೋಟೀನು ಹಾಲಿಗೆ ಇಳಿಯುತ್ತದೆ, ಆದರೆ ತೀರ ಅಲ್ಪ. ತಾಯಿ ಇವನ್ನು ಬಿಟ್ಟರೆ ಮಗುವಿಗೆ ಅಲರ್ಜಿ ತಪ್ಪುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲೇ ಹೇಳಿದೆ. ಮಗುವಿನ ಮಲದಲ್ಲಿ ರಕ್ತ ಕಂಡರೆ, ಹಾಲು ಕುಡಿದಾಗಲೆಲ್ಲ ಮೈಮೇಲೆ ದದ್ದು ಎದ್ದರೆ ಮಾತ್ರ ಡಾಕ್ಟರನ್ನು ಕೇಳಿ, ಅವರು ಹೇಳಿದ್ದನ್ನಷ್ಟೇ ಬಿಡು.

ಮುಖ್ಯವಾದದ್ದು ನಿನ್ನ ಇನ್‌ಹೇಲರ್. ಮಗುವಿಗೆ ಏನಾದೀತೋ ಎಂದು ಹೆದರಿ ಅದನ್ನು ನಿಲ್ಲಿಸಬೇಡ. ಅದರ ಮದ್ದು ಶ್ವಾಸಕೋಶಕ್ಕೇ ಹೋಗುತ್ತದೆ, ರಕ್ತಕ್ಕೆ ಸೇರುವುದೇ ಸ್ವಲ್ಪ, ಹಾಲಿಗೆ ಇನ್ನೂ ಸ್ವಲ್ಪ. ನಿದ್ದೆ ಬರಿಸುವ ಶೀತದ ಮಾತ್ರೆಗಳನ್ನು ಮಾತ್ರ ಕೇಳದೆ ನುಂಗಬೇಡ. ಮಗುವಿಗೂ ಮಂಪರು ಬರಬಹುದು, ಹಾಲೂ ಕಡಿಮೆಯಾಗಬಹುದು. ಕಾಂಗ್ರೆಸ್ ಹುಲ್ಲು ಹೂಬಿಟ್ಟಾಗ ನಿನಗೆ ದಮ್ಮು ಹೆಚ್ಚುತ್ತದಲ್ಲ, ಆಗಂತೂ ಇನ್‌ಹೇಲರನ್ನು ಒಂದು ಹೊತ್ತೂ ತಪ್ಪಿಸಬೇಡ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನಿನ್ನ ಅತ್ತೆಯವರನ್ನೂ ಕರೆದುಕೊಂಡು ಹೋಗು. ಡಬ್ಬಿ ಹಾಲಿನ ಮಾತಿನ ಹಿಂದಿರುವ ಅವರ ಆತಂಕವೂ ಮೊಮ್ಮಗುವಿನ ಮೇಲಿನ ಪ್ರೀತಿಯೇ. ಡಾಕ್ಟರ ಬಾಯಿಂದ ಕೇಳಿದರೆ ನಿನ್ನ ಜೊತೆಗೆ ಮೊದಲು ನಿಲ್ಲುವವರು ಅವರೇ.

ನಿನ್ನ ಅಕ್ಕ